ಎರಡು ಎಕರೆ ಇಪ್ಪತ್ತು ಗುಂಟೆ

ನಮ್ಮವ್ವನ ಎರಡು ದಿನದ ಕೂಲಿ ಮೂರು ಲಕ್ಷದ ಐವತ್ತು ಸಾವಿರದ ಮುನ್ನೂರ ಐವತ್ತು ರೂಪಾಯಿ.

ಹೀಗಂದದ್ದು ನಾವಲ್ಲ, ಕಂಪ್ಯೂಟರು. ಯಲ್ಲದಕೆರೆಯ ನಮ್ಮ ಕೇರಿಯಲ್ಲಿ ಒಂದು ರಾತ್ರಿ, ಉಂಡು ಕೈ ತೊಳೆದ ಮೇಲೆ, ಅವ್ವನ ಕೂಲಿ ಲೆಕ್ಕಕ್ಕೆ ನಾಲ್ಕು ಸಾಲಿನ ಒಂದು ಪ್ರೋಗ್ರಾಮು ಬರೆದೆವು. ಸೋಮವಾರ ಎಷ್ಟು ಅಂತ ಅದು ಕೇಳಿತು, 350 ಅಂತ ಒತ್ತಿದೆವು. ಮಂಗಳವಾರ ಎಷ್ಟು ಅಂತ ಕೇಳಿತು, ಮತ್ತೆ 350 ಒತ್ತಿದೆವು. ಎರಡನ್ನೂ ಕೂಡಿಸಿ ಹೇಳು ಅಂದರೆ ಪರದೆ ಮೇಲೆ 350350 ಅಂತ ಬಂತು. ಶೇಂಗಾ ಸುಲಿಯುತ್ತ ಕೂತಿದ್ದ ಅವ್ವನಿಗೆ ಓದಿ ಹೇಳಿದೆವು. ಅವ್ವ ನಗಲಿಲ್ಲ. "ಯಾವೂರಾಗೆ ಕೊಡ್ತಾರಪ್ಪ ಈ ಕೂಲಿ? ನಾಳೆ ಅಲ್ಲಿಗೇ ಹೋಗಾನ" ಅಂದಳು.

'ನಾವು' ಅಂತ ಬರೆಯುವುದಕ್ಕೆ ಕಾರಣ ಇದೆ. ಲ್ಯಾಪ್‌ಟಾಪು ಒಂದೇ, ಅದರ ಮುಂದೆ ಕೂರುವವರು ಮೂವರು, ಅದರ ಕಂತು ಕಟ್ಟುವವು ಮೂರು ಮನೆ. ಮೂರೂ ಮನೆಯಲ್ಲಿ ನಮಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಪದ್ಯ ಬರೆಯುವ ಚಟ ನಮ್ಮಲ್ಲಿ ಒಬ್ಬರಿಗೆ ಮಾತ್ರ ಇದೆ, ಈ ಲೇಖನ ಆ ಕೈಯಿಂದ ಬಂದಿದೆ. ಆದರೆ ಇದರೊಳಗಿನ ತಪ್ಪು ಮೂವರದ್ದೂ ಹೌದು, ಕಲಿತದ್ದೂ ಮೂವರೂ ಹೌದು.

ಆ ರಾತ್ರಿ ತಪ್ಪು ಹುಡುಕಿದೆವು. ಪೈಥಾನ್ ಅನ್ನುವ ಭಾಷೆಯಲ್ಲಿ ಕೀಲಿಮಣೆಯಿಂದ ಒತ್ತಿ ಕೊಟ್ಟದ್ದನ್ನೆಲ್ಲ ಯಂತ್ರ ಮೊದಲು ಅಕ್ಷರ ಅಂತಲೇ ತಗೊಳ್ಳುತ್ತದೆ. ನಾವು ಕೊಟ್ಟದ್ದು ಮುನ್ನೂರ ಐವತ್ತು ರೂಪಾಯಿ. ಅದು ತಗೊಂಡದ್ದು ಮೂರು, ಐದು, ಸೊನ್ನೆ ಅನ್ನುವ ಮೂರು ಗುರುತು. ಗುರುತಿಗೆ ಗುರುತು ಕೂಡಿಸು ಅಂದರೆ ಪಕ್ಕ ಪಕ್ಕ ಅಂಟಿಸಿತು. ಅದರದ್ದೇನೂ ತಪ್ಪಿಲ್ಲ. ಬಸ್ಸಿನ ಹಣೆ ಮೇಲಿನ ನಂಬರು ಲೆಕ್ಕಕ್ಕೆ ಇರುವುದಲ್ಲ, ಅದು ಹೆಸರು. ಐದನೇ ನಂಬರಿನ ಬಸ್ಸಿಗೆ ಏಳನೇ ನಂಬರಿನ ಬಸ್ಸು ಕೂಡಿದರೆ ಹನ್ನೆರಡನೇ ನಂಬರಿನ ಬಸ್ಸು ಆಗುವುದಿಲ್ಲ. ರೋಲ್ ನಂಬರು, ರೇಷನ್ ಕಾರ್ಡಿನ ನಂಬರು, ಆಧಾರ್ ನಂಬರು ಎಲ್ಲ ಹಾಗೆಯೇ. ನೋಡಲು ಅಂಕಿ, ಒಳಗೆ ಹೆಸರು.

ಕಲಿಯುವವರು ಮೊದಲು ತಿಳಿಯಬೇಕಾದದ್ದು ನಾಲ್ಕು ಬಗೆ. ಒಂದು ಇಂಟ್, ಅಂದರೆ ಪೂರ್ಣ ಸಂಖ್ಯೆ. ಎರಡು ಫ್ಲೋಟ್, ಅಂದರೆ ಚುಕ್ಕಿ ಇರುವ ದಶಮಾಂಶ ಸಂಖ್ಯೆ. ಮೂರು ಸ್ಟ್ರಿಂಗ್, ಅಂದರೆ ಅಕ್ಷರಗಳ ಸರ. ನಾಲ್ಕು ಬೂಲ್, ಅಂದರೆ ಹೌದು ಅಥವಾ ಅಲ್ಲ, ಎರಡೇ ಮಾತು. ಯಂತ್ರದ ಹೊಟ್ಟೆಯೊಳಗೆ ಇರುವುದು ಬರೀ ಸೊನ್ನೆ ಮತ್ತು ಒಂದು. ಅದನ್ನು ಹೇಗೆ ಓದಬೇಕು ಅಂತ ಹೇಳುವುದೇ ಈ ಬಗೆ. ಮೂರು ಅನ್ನುವ ಬೆಲೆ ಬೇರೆ, '3' ಅನ್ನುವ ಗುರುತು ಬೇರೆ. ಆ ಗುರುತು ಒಳಗೆ 51 ಅನ್ನುವ ನಂಬರಿನಲ್ಲಿ ಕೂತಿರುತ್ತದೆ.

ಗುರುತನ್ನು ಬೆಲೆ ಮಾಡಬೇಕಾದರೆ ನಾವೇ ಬಾಯಿಬಿಟ್ಟು ಹೇಳಬೇಕು: ಇಂಟ್("350"). ಆಗ ಯಂತ್ರ ಒಂದೊಂದು ಗುರುತನ್ನೂ ಹಿಡಿದು ಮೂರು ನೂರು, ಐದು ಹತ್ತು, ಸೊನ್ನೆ ಬಿಡಿ ಅಂತ ಕೂಡಿ 350 ಮಾಡುತ್ತದೆ. ಇದು ನಮಗೆ ಹೊಸದಲ್ಲ. ಊರಿನ ಶಾಲೆಯಲ್ಲಿ ಮೇಷ್ಟರು ಬಿಡಿ, ಹತ್ತು, ನೂರು ಅಂತ ಬೋರ್ಡಿನ ಮೇಲೆ ಗೆರೆ ಎಳೆದು ಸ್ಥಾನಬೆಲೆ ಹೇಳಿಕೊಟ್ಟಿದ್ದು ಇದನ್ನೇ. ಮೇಷ್ಟರುಗಳೇ, ನೀವು ಹೇಳಿಕೊಟ್ಟದ್ದು ಹಾಳಾಗಿಲ್ಲ.

ಈ ಪಾಠವನ್ನು ಚಿತ್ರದುರ್ಗದಲ್ಲಿ ಒಂದು ಕೋರ್ಸಿಗೆ ಸೇರಿದಾಗ ಕೇಳಿದ್ದೆವು, ಕೇಳಿದರೂ ಕೇಳಿರಲಿಲ್ಲ. ಅವತ್ತು ಪಾಠ ಮಾಡುವವರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಎರಡು ಪದ ಬರೆದು ಗಟ್ಟಿಯಾಗಿ ಓದಿದರು: "ಟೈಪ್ ಕಾಸ್ಟ್". ಒಂದು ಬಗೆಯನ್ನು ಇನ್ನೊಂದು ಬಗೆ ಮಾಡುವುದಕ್ಕೆ ಆ ಹೆಸರಂತೆ. ಹಿಂದಿನ ಬೆಂಚಿನಲ್ಲಿ ನಾವು ಮೂವರೂ ತಲೆ ತಗ್ಗಿಸಿದೆವು. ಹಾಸ್ಟೆಲಿನ ಅರ್ಜಿಯಲ್ಲಿ, ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ, ರೂಮು ಬಾಡಿಗೆ ಕೇಳಲು ಹೋದ ಬಾಗಿಲಲ್ಲಿ ಆ 'ಕಾಸ್ಟ್' ಕೇಳಿ ಕೇಳಿ ಕಿವಿ ಪಳಗಿತ್ತು. ಮುಂದಿನ ಬೆಂಚಿನಿಂದ ಯಾರೋ ತಿರುಗಿ ನೋಡಿದಂತಾಯಿತು. ನೋಡಿದರೋ ಇಲ್ಲವೋ ಗೊತ್ತಿಲ್ಲ. ಪಾಠ ಮುಗಿಯುವವರೆಗೆ ಒಂದಕ್ಷರ ತಲೆಗೆ ಹೋಗಲಿಲ್ಲ.

ಆಮೇಲೆ ಡಿಕ್ಷನರಿ ತೆಗೆದು ನೋಡಿದೆವು. ಎರಡೂ ಬೇರೆ ಬೇರೆ ಮಾತು. ಜಾತಿ ಅನ್ನುವ 'ಕಾಸ್ಟ್' ಪೋರ್ಚುಗೀಸರ 'ಕಾಸ್ತಾ' ಅನ್ನುವ ಮಾತಿನಿಂದ ಬಂದದ್ದು, ಕುಲ, ತಳಿ ಅಂತ ಅರ್ಥ. ಅಚ್ಚು ಹೊಯ್ಯುವ 'ಕಾಸ್ಟ್' ಯುರೋಪಿನ ಉತ್ತರದ ಹಳೆಯ ನಾರ್ಸ್ ಭಾಷೆಯದು, ಎಸೆ ಅಂತ ಅದರ ಮೂಲ ಅರ್ಥ. ಬರೆಯುವಾಗ ಒಂದಕ್ಷರದ ವ್ಯತ್ಯಾಸ, ನಮ್ಮ ಬಾಯಲ್ಲಿ ಅದೂ ಇಲ್ಲ. ಎಲ್ಲಿಯದೋ ಎರಡು ಪದ ಒಂದೇ ಸದ್ದಾಗಿ ಬಂದು ನಮ್ಮ ಒಂದು ದಿನದ ಪಾಠ ತಿಂದವು. ಅದೇ ಕ್ಲಾಸಿನಲ್ಲಿ ಕೂತಿದ್ದ ಉಳಿದವರಿಗೆ ಅವತ್ತು ಆ ಪದದಿಂದ ಏನೂ ಆಗಲಿಲ್ಲ. ಕಲಿಕೆ ಎಲ್ಲರಿಗೂ ಒಂದೇ ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಆ ದಿನ ತಪ್ಪಿಹೋದ ಪಾಠವನ್ನು ಊರಿಗೆ ಬಂದು ನಾವೇ ಒಂದೊಂದಾಗಿ ಮಾಡಿ ನೋಡಿದೆವು.

ಅಕ್ಷರವಾಗಿದ್ದ "350"ಕ್ಕೆ ಬೆಲೆಯಾಗಿದ್ದ 350 ಕೂಡಿಸಿದೆವು. ಪೈಥಾನ್ ಒಪ್ಪಲಿಲ್ಲ, ಇವೆರಡೂ ಕೂಡುವ ಬಗೆ ಅಲ್ಲ ಅಂತ ಕೂಗಿ ನಿಂತುಬಿಟ್ಟಿತು. ಇಂಟ್("ಮುನ್ನೂರ ಐವತ್ತು") ಅಂದರೂ ಕೂಗಿತು. ಖಾಲಿ ಕೊಟ್ಟರೂ ಕೂಗಿತು. "3.9" ಅನ್ನುವ ಅಕ್ಷರವನ್ನು ನೇರ ಇಂಟ್ ಮಾಡು ಅಂದರೂ ಕೂಗಿತು, ಅದನ್ನು ಮೊದಲು ಫ್ಲೋಟ್ ಮಾಡಿ ಆಮೇಲೆ ಇಂಟ್ ಮಾಡಬೇಕು. ಮೊದಮೊದಲು ಈ ಕೆಂಪಕ್ಷರ ಕಂಡರೆ ಮೈಯೆಲ್ಲ ಬೆವರುತ್ತಿತ್ತು. ತಪ್ಪು ಅಂದರೆ ಏಟು ಅಂತಲೇ ಕಲಿತು ಬಂದವರಲ್ಲವೇ ನಾವು. ಜಾವಾಸ್ಕ್ರಿಪ್ಟ್ ಅನ್ನುವ ಇನ್ನೊಂದು ಭಾಷೆ ಕೂಗುವುದಿಲ್ಲ. "350"ಕ್ಕೆ 350 ಕೂಡಿಸಿದರೆ ಸದ್ದಿಲ್ಲದೆ 350350 ಅಂತ ಅಂಟಿಸುತ್ತದೆ, ಅದೇ "350"ರಲ್ಲಿ 50 ಕಳೆ ಅಂದರೆ ಸದ್ದಿಲ್ಲದೆ 300 ಅನ್ನುತ್ತದೆ. ಕೂಡುವಾಗ ಅದಕ್ಕೆ ಅದು ಅಕ್ಷರ, ಕಳೆಯುವಾಗ ಬೆಲೆ. ಒಳ್ಳೆಯವನಂಗೆ ಕಾಣುತ್ತದೆ, ಯಾವಾಗ ಏನು ಮಾಡುತ್ತದೋ ನಾವು ಎಚ್ಚರ ಇರಬೇಕು.

ಚುಕ್ಕಿ ಇರುವ ಸಂಖ್ಯೆಯನ್ನು ಪೂರ್ಣ ಮಾಡಿ ನೋಡಿದೆವು. ಇಂಟ್(3.9) ಅಂದರೆ 3. ನಾಲ್ಕರ ಹತ್ತಿರ ಇದೆಯಲ್ಲ, ನಾಲ್ಕು ಅನ್ನಬಹುದಿತ್ತು. ಅನ್ನುವುದಿಲ್ಲ. ಚುಕ್ಕಿಯಿಂದ ಆಚೆಯದ್ದನ್ನು ಕತ್ತರಿಸಿ ಎಸೆಯುತ್ತದೆ. ಇದನ್ನು ಕಂಡು ಅಪ್ಪನಿಗೆ ಸೇರಿನ ಅಳತೆ ನೆನಪಾಯಿತು. ಹಿಂದೆ ಉಳ್ಳವರ ಕಣದಲ್ಲಿ ಕೂಲಿಗೆ ರಾಗಿ ಕೊಡುವಾಗ ಸೇರಿನ ಬಾಯಿಮಟ್ಟಕ್ಕೆ ಕೈಯಾಡಿಸಿ ಸವರಿ ಕೊಡುತ್ತಿದ್ದರಂತೆ. ಅದೇ ಸಾಲದ ರಾಗಿ ವಾಪಸು ತಗೊಳ್ಳುವಾಗ ಗೋಪುರದಂಗೆ ತುಂಬಿಸಿ ತಗೊಳ್ಳುತ್ತಿದ್ದರಂತೆ. ಅಪ್ಪನಿಗೆ ಯಂತ್ರದ ನ್ಯಾಯ ತೋರಿಸಿದೆವು. ಸಾಲ ಅಂತ ಕಳೆಯುವ ಗುರುತು ಹಾಕಿ ಇಂಟ್(-3.9) ಅಂದರೆ -3 ಬರುತ್ತದೆ. ಬರುವ ಹಣವನ್ನೂ ಸವರುತ್ತದೆ, ಕೊಡುವ ಸಾಲವನ್ನೂ ಸವರುತ್ತದೆ. "ಅಂಗಾದ್ರೆ ಇದು ಸಾವ್ಕಾರನಿಗಿಂತ ವಾಸಿ" ಅಂದ ಅಪ್ಪ. ಆದರೆ ಹೋದ ಒಂಬತ್ತು ಮತ್ತೆ ಬರುವುದಿಲ್ಲ. ಆ 3ನ್ನು ಹಿಂದಕ್ಕೆ ಫ್ಲೋಟ್ ಮಾಡಿದರೆ 3.0 ಅನ್ನುತ್ತದೆ, 3.9 ಅನ್ನುವುದಿಲ್ಲ. ಕತ್ತರಿಸಿದ್ದಕ್ಕೆ ನೆನಪಿಲ್ಲ.

ಹೌದು-ಅಲ್ಲದ ಬಗೆಯಂತೂ ನಮ್ಮನ್ನು ಬೆಚ್ಚಿಬೀಳಿಸಿತು. ಒಂದು ಅರ್ಜಿ ತುಂಬುವ ಆಟದ ಪ್ರೋಗ್ರಾಮು ಬರೆದಿದ್ದೆವು. ಜಮೀನು ಇದೆಯೇ ಅಂತ ಅದು ಕೇಳಿದರೆ "ಇಲ್ಲ" ಅಂತ ಬರೆದೆವು. ಆ ಉತ್ತರವನ್ನು ಬೂಲ್ ಮಾಡಿದರೆ ಹೌದು ಅಂತ ಬಂತು. ಅಕ್ಷರದ ಸರ ಖಾಲಿ ಇದ್ದರೆ ಮಾತ್ರ ಅದಕ್ಕೆ ಅಲ್ಲ, ಒಂದಕ್ಷರ ಇದ್ದರೂ ಹೌದು. "ಇಲ್ಲ" ಅಂದರೂ ಹೌದು, "0" ಅಂತ ಬರೆದರೂ ಹೌದು. ಅರ್ಥ ಅದಕ್ಕೆ ಬೇಕಿಲ್ಲ, ಬಾಯಿ ಬಿಟ್ಟರೋ ಇಲ್ಲವೋ ಅಷ್ಟೇ ಬೇಕು. ಜಮೀನಿಲ್ಲ ಅಂತ ಬಾಯಿಬಿಟ್ಟು ಹೇಳಿದವನನ್ನು ಜಮೀನುದಾರನ ಪಟ್ಟಿಗೆ ಸೇರಿಸಲು ದೊಡ್ಡ ಸಂಚೇನೂ ಬೇಡ, ಒಂದು ಸಾಲಿನ ಅಜಾಗರೂಕತೆ ಸಾಕು.

ಸಂತೋಷ ಪಟ್ಟದ್ದೂ ಉಂಟು. ಅಪ್ಪ ರಾತ್ರಿಶಾಲೆಯಲ್ಲಿ ಕಲಿತವನು. ಅವನಿಗೆ ಬರುವುದು ಕನ್ನಡ ಅಂಕಿ. ಅವನ ಪುಟ್ಟ ಪುಸ್ತಕದಲ್ಲಿ ಕೂಲಿ, ಕೈಸಾಲ, ಸಂಘದ ಕಂತು ಎಲ್ಲ ೩೫೦, ೫೦೦ ಅಂತಲೇ ಇದೆ. ಒಂದು ದಿನ ತಮಾಷೆಗೆ ಇಂಟ್("೩೫೦") ಅಂತ ಬರೆದೆವು. ಕೂಗುತ್ತದೆ ಅಂತ ಕಾದು ಕೂತೆವು. ಕೂಗಲಿಲ್ಲ. 350 ಅಂತ ಉತ್ತರ ಕೊಟ್ಟಿತು. ಲೋಕದ ಲಿಪಿಗಳಿಗೆಲ್ಲ ನಂಬರು ಕೊಡುವ ಯೂನಿಕೋಡ್ ಅನ್ನುವ ವ್ಯವಸ್ಥೆಯಲ್ಲಿ ಕನ್ನಡದ ಸೊನ್ನೆಗೆ 3302 ಅನ್ನುವ ಜಾಗ ಇದೆ, ಅಲ್ಲಿಂದ ಒಂಬತ್ತರವರೆಗೆ ಸಾಲಾಗಿ ಇವೆ, ಇವು ಅಂಕಿಗಳೇ ಅಂತ ಅಲ್ಲಿ ಗುರುತು ಮಾಡಿದೆ. ಪೈಥಾನ್ ಅದನ್ನು ಗೌರವಿಸುತ್ತದೆ. ಎಲ್ಲರೂ ಗೌರವಿಸುವುದಿಲ್ಲ. ಸಿ ಭಾಷೆಯಲ್ಲಿ ಅಕ್ಷರವನ್ನು ಸಂಖ್ಯೆ ಮಾಡುವ 'ಎ ಟು ಐ' ಅನ್ನುವುದಕ್ಕೆ ಅಪ್ಪನ ೩೫೦ ಕೊಟ್ಟರೆ ಸದ್ದಿಲ್ಲದೆ ಸೊನ್ನೆ ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಅದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಅಪ್ಪ ಬೆವರು ಸುರಿಸಿ ತಂದ ಮುನ್ನೂರ ಐವತ್ತು ಒಂದು ಕಡೆ ಬೆಲೆ, ಒಂದು ಕಡೆ ಸೊನ್ನೆ, ಒಂದು ಕಡೆ ಲೆಕ್ಕಕ್ಕೇ ಇಲ್ಲ.

ಪೈಥಾನಿನ ಸಂತೋಷವೂ ಅರ್ಧವೇ. ಒಳಗೆ ಹೋದ ೩೫೦ನ್ನು ಮತ್ತೆ ಅಕ್ಷರ ಮಾಡಿ ಹೊರಗೆ ಕೊಡು ಅಂದರೆ "350" ಅಂತ ಕೊಡುತ್ತದೆ. ಹೋಗುವಾಗ ಕನ್ನಡದಲ್ಲಿ ಹೋಗಿ ಬರುವಾಗ ಇಂಗ್ಲಿಷಿನಲ್ಲಿ ಬಂತು. ಅವ್ವ ನಮ್ಮನ್ನೂ ಹಾಗೆಯೇ ಅಂದಿದ್ದಳು, ಮೊದಲ ಸಲ ಕಾಲೇಜಿನಿಂದ ರಜೆಗೆ ಬಂದಾಗ: "ಹೋಗಾಗ ನಮ್ಮಂಗೆ ಮಾತಾಡ್ತಿದ್ರಿ, ಈಗ ಯಾರಂಗೋ ಮಾತಾಡ್ತೀರ." ನಾವು ಬಿಡಲಿಲ್ಲ. ಹಾದಿ ಹುಡುಕಿದೆವು. ಇಂಗ್ಲಿಷ್ ಸೊನ್ನೆಯ ಜಾಗ 48, ಕನ್ನಡ ಸೊನ್ನೆಯ ಜಾಗ 3302, ನಡುವಿನ ದೂರ 3254. ಉತ್ತರದ ಒಂದೊಂದು ಅಂಕಿಯ ಜಾಗಕ್ಕೂ 3254 ಕೂಡಿಸಿದರೆ ಅದು ಕನ್ನಡ ಅಂಕಿಯಾಗಿ ಹೊರಬರುತ್ತದೆ. ಎರಡು ಸಾಲಿನ ಕೆಲಸ. ವಾಪಸು ಬರುವ ಹಾದಿ ತಾನಾಗಿ ಇರುವುದಿಲ್ಲ, ಬೇಕಾದವರು ಮಾಡಿಕೊಳ್ಳಬೇಕು.

ಇಲ್ಲಿಯವರೆಗೆ ಎಲ್ಲ ಆಟ. ನಿಜವಾದ ಪಾಠ ಆದದ್ದು ಜಮೀನಿನ ಲೆಕ್ಕದಲ್ಲಿ.

ನಮ್ಮ ಮೂರು ಮನೆಯ ತಾತಂದಿರಿಗೆ ಸರ್ಕಾರದಿಂದ ಮಂಜೂರಾದ ಜಮೀನು ಇತ್ತು. ಒಬ್ಬರಿಗೆ ಎರಡು ಎಕರೆ ಇಪ್ಪತ್ತು ಗುಂಟೆ, ಒಬ್ಬರಿಗೆ ಒಂದು ಎಕರೆ ಮೂವತ್ತು ಗುಂಟೆ, ಒಬ್ಬರಿಗೆ ಮೂರು ಎಕರೆ ಹತ್ತು ಗುಂಟೆ. ಬರ ಬಂದ ವರ್ಷಗಳಲ್ಲಿ, ಮದುವೆಗೆ, ಆಸ್ಪತ್ರೆಗೆ, ಹೆಬ್ಬೆಟ್ಟು ಒತ್ತಿಸಿಕೊಂಡವರ ಕೈಗೆ ಅದು ಹೋಯಿತು. ಇಂಥ ಜಮೀನಿಗಾಗಿಯೇ 1978ರಲ್ಲಿ ದೇವರಾಜ ಅರಸರ ಸರ್ಕಾರ ಪರಭಾರೆ ನಿಷೇಧದ ಕಾಯ್ದೆ ತಂದಿತು, ಜನ ಅದನ್ನು ಪಿ.ಟಿ.ಸಿ.ಎಲ್. ಕಾಯ್ದೆ ಅನ್ನುತ್ತಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ನಿಲ್ಲದು, ಜಮೀನು ವಾಪಸು ಕೊಡಿಸಬೇಕು ಅಂತ ಅದರ ಸಾರ. ತಡವಾಗಿ ಬಂದಿರಿ ಅಂತ ಎಷ್ಟೋ ಅರ್ಜಿಗಳು ಬಿದ್ದುಹೋದ ಮೇಲೆ 2023ರಲ್ಲಿ ಅದಕ್ಕೆ ತಿದ್ದುಪಡಿ ಬಂತು, ಅರ್ಜಿಗೆ ಕಾಲಮಿತಿ ಇಲ್ಲ ಅಂತ. ಅದನ್ನು ಕೇಳಿ ಮೂರು ಮನೆಯವರೂ ಅರ್ಜಿ ಹಾಕುವ ಅಂತ ಕೂತರು. ಓದಿದ ಮಕ್ಕಳು ಇದ್ದೀರಲ್ಲ, ಪಟ್ಟಿ ನೀವೇ ಮಾಡಿ ಅಂದರು.

ನಮಗೆ ಹೆಮ್ಮೆ. ಪಹಣಿ ನೋಡಿಕೊಂಡು ಪಟ್ಟಿ ಮಾಡಿದೆವು. 2000ದ ಸುಮಾರಿಗೆ ಕರ್ನಾಟಕದ ಪಹಣಿಗಳೆಲ್ಲ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿ ನಿಂತಿತು. ಅಲ್ಲಿ ವಿಸ್ತೀರ್ಣ ಬರೆಯುವಾಗ ಎಕರೆ ಮತ್ತು ಗುಂಟೆಯ ನಡುವೆ ಒಂದು ಚುಕ್ಕಿ ಇಡುತ್ತಾರೆ. ನಾವು 2.20, 1.30, 3.10 ಅಂತ ಒತ್ತಿ, ಕಲಿತ ಜಾಣತನದಲ್ಲಿ ಮೂರನ್ನೂ ಫ್ಲೋಟ್ ಮಾಡಿ ಕೂಡಿಸಿದೆವು. ಕೂಗಲಿಲ್ಲ. ಕೆಂಪಕ್ಷರ ಇಲ್ಲ. ಒಟ್ಟು 6.6 ಅಂತ ಬಂತು. ಚೆನ್ನಾಗಿ ಅಚ್ಚು ಮಾಡಿಸಿ ಅಪ್ಪನಿಗೆ ಓದಿ ಹೇಳಿದೆವು.

ಅಪ್ಪ ಬೆರಳು ಮಡಿಸುತ್ತ ಕೂತ. "ಇಪ್ಪತ್ತು, ಮೂವತ್ತು, ಹತ್ತು, ಅರವತ್ತು ಗುಂಟೆ. ನಲವತ್ತಕ್ಕೆ ಒಂದು ಎಕರೆ ಹೋತು, ಇಪ್ಪತ್ತು ಉಳೀತು. ಎರಡು, ಒಂದು, ಮೂರು, ಆರು. ಅದಕ್ಕೊಂದು, ಏಳು. ಏಳು ಎಕರೆ ಇಪ್ಪತ್ತು ಗುಂಟೆ ಕಣಪ್ಪ, ಏಳೂವರೆ. ಆರು ಎಲ್ಲಿಂದ ತಂದ್ರಿ?"

ನಮಗೆ ಮಾತು ಹೊರಡಲಿಲ್ಲ. ಪಹಣಿಯ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ಒಂದು ಎಕರೆಗೆ ಗುಂಟೆ ನಲವತ್ತು, ನೂರಲ್ಲ, ಹತ್ತಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ ಅಂದರೆ ಎರಡೂವರೆ ಎಕರೆ. ಅದನ್ನು 2.20 ಅನ್ನುವ ದಶಮಾಂಶ ಮಾಡಿದ ಗಳಿಗೆಯಲ್ಲಿ ಹನ್ನೆರಡು ಗುಂಟೆ ಹೋಯಿತು. ಮೂರೂ ಸೇರಿ ಏಳೂವರೆ ಇದ್ದದ್ದು 6.6 ಆದರೆ ಮೂವತ್ತಾರು ಗುಂಟೆ ಕಾಣೆ, ಒಂದು ಎಕರೆಗೆ ನಾಲ್ಕೇ ಗುಂಟೆ ಕಡಿಮೆ. ಇನ್ನೂ ಕೆಟ್ಟದ್ದು ಇದೆ. ಫ್ಲೋಟ್ ಆದ 2.20 ಮತ್ತೆ ಪರದೆಗೆ ಬರುವಾಗ ಕೊನೆಯ ಸೊನ್ನೆ ಬಿಟ್ಟು 2.2 ಅಂತ ಬರುತ್ತದೆ. ಓದುವವರು ಎರಡು ಎಕರೆ ಎರಡು ಗುಂಟೆ ಅಂತ ಓದಿದರೆ ಹದಿನೆಂಟು ಗುಂಟೆ ಹೋಯಿತು. ತಾತನಿಂದ ಹೊಲ ಬರೆಸಿಕೊಂಡವನು ಒಂದು ಕಾಗದ, ಒಂದು ಸಾಕ್ಷಿ, ಒಂದು ಬಾಟಲಿ ಸಾರಾಯಿ ಅಂತ ಖರ್ಚಾದರೂ ಮಾಡಿದ್ದ. ನಾವು ಒಂದು ಪದ ಬರೆದು, ಖರ್ಚಿಲ್ಲದೆ, ನಮ್ಮ ಕೈಯಾರ ಮೂವತ್ತಾರು ಗುಂಟೆ ಬಿಟ್ಟುಕೊಟ್ಟಿದ್ದೆವು. ಆ ಪಟ್ಟಿ ಮಾರನೇ ದಿನ ಕಚೇರಿಗೆ ಹೋಗಬೇಕಿತ್ತು.

ಸರ್ವೆ ನಂಬರಿನ ಕಥೆಯೂ ಹೀಗೇ ಆಯಿತು. ಒಂದು ಹೊಲದ ನಂಬರು, ಹನ್ನೆರಡರ ಮೂರನೇ ಹಿಸ್ಸಾ, 12/3 ಅಂತಿಟ್ಟುಕೊಳ್ಳಿ. ಅದನ್ನು ಲೆಕ್ಕದ ಹಾಳೆಯ ಎಕ್ಸೆಲ್‌ನಲ್ಲಿ ಬರೆದರೆ ದಿನಾಂಕ ಅಂತ ತಿಳಿದು ಮಾರ್ಚ್ 12 ಮಾಡಿಬಿಡುತ್ತದೆ. ಪೈಥಾನಿನಲ್ಲಿ ಉದ್ಧರಣ ಚಿಹ್ನೆ ಹಾಕದೆ ಬರೆದರೆ ಭಾಗಿಸಿ 4.0 ಅನ್ನುತ್ತದೆ. ಹೊಲ ಒಂದು ಕಡೆ ತಾರೀಖಾಯಿತು, ಒಂದು ಕಡೆ ನಾಲ್ಕಾಯಿತು. ಈ ತೊಂದರೆ ನಮಗೊಬ್ಬರಿಗೇ ಅಲ್ಲ. ಮನುಷ್ಯನ ಜೀನುಗಳಿಗೆ ಇಟ್ಟ 'ಮಾರ್ಚ್ 1', 'ಸೆಪ್ಟ್ 1' ಅನ್ನುವಂಥ ಹೆಸರುಗಳನ್ನು ಎಕ್ಸೆಲ್ ತಾರೀಖು ಮಾಡಿ ಮಾಡಿ ಸಂಶೋಧನೆಗಳೇ ಕೆಟ್ಟು, ಕೊನೆಗೆ 2020ರಲ್ಲಿ ವಿಜ್ಞಾನಿಗಳು ಜೀನುಗಳ ಹೆಸರನ್ನೇ ಬದಲಾಯಿಸಿದ ಸುದ್ದಿ ಬಂತು. ಅವರು ಹೆಸರು ಬದಲಾಯಿಸಿಕೊಂಡರು. ನಮ್ಮ ಹೊಲದ ನಂಬರನ್ನು ಬದಲಾಯಿಸಲು ನಾವು ಯಾರ ಬಾಗಿಲಿಗೆ ಹೋಗಬೇಕು?

ದೊಡ್ಡವರ ಮನೆಯಲ್ಲೂ ಇದು ನಡೆದಿದೆ. 1996ರ ಜೂನ್ 4ರಂದು ಯುರೋಪಿನ ದೇಶಗಳು ಏರಿಯಾನ್ 5 ಅನ್ನುವ ರಾಕೆಟ್ಟನ್ನು ಮೊದಲ ಸಲ ಹಾರಿಸಿದವು. ಸುಮಾರು 40 ಸೆಕೆಂಡಿನಲ್ಲಿ ಅದು ಸಿಡಿದು ಚೂರಾಯಿತು. ರಾಕೆಟ್ಟಿನೊಳಗೆ ವೇಗಕ್ಕೆ ಸಂಬಂಧಿಸಿದ ಒಂದು ಬೆಲೆಯನ್ನು 64 ಬಿಟ್ಟಿನ ಫ್ಲೋಟ್‌ನಿಂದ 16 ಬಿಟ್ಟಿನ ಪೂರ್ಣ ಸಂಖ್ಯೆಗೆ ಬದಲಾಯಿಸುತ್ತಿದ್ದರು. ಆ 16 ಬಿಟ್ಟಿನ ಪಾತ್ರೆಯಲ್ಲಿ ಹಿಡಿಯುವುದು 32767ರವರೆಗೆ ಮಾತ್ರ. ಹಿಂದಿನ ಏರಿಯಾನ್ 4 ರಾಕೆಟ್ಟಿಗೆ ಅದು ಸಾಕಾಗಿತ್ತು. ಹೊಸದು ಅದಕ್ಕಿಂತ ಜೋರು, ಬೆಲೆ ಪಾತ್ರೆ ಮೀರಿತು. ಹಳೆಯದಕ್ಕೆ ಮಾಡಿದ ಅಳತೆಯಲ್ಲಿ ಹೊಸದನ್ನು ತುರುಕಿದರೆ ಆಗುವುದು ಇದೇ.

ನಾವು ತಿರುಗಿ ನಮ್ಮ ಕಾಗದಗಳನ್ನೇ ನೋಡಿದೆವು. ನಾವು ಹುಟ್ಟಿದ್ದು ಯಾವಾಗ ಅಂತ ಶಾಲೆಗೆ ಸೇರಿಸುವಾಗ ಕೇಳಿದರೆ ಅಜ್ಜಿ, "ಶೇಂಗಾ ಕೀಳೋ ಹೊತ್ತಾಗೆ, ಅಮಾಸೆ ಆಗಿ ಮೂರನೇ ದಿನ" ಅಂದಿದ್ದಳು. ಪುಸ್ತಕದಲ್ಲಿ ಜೂನ್ 1 ಅಂತ ಬಿತ್ತು. ನಮ್ಮ ಮೂವರದ್ದೂ ಜೂನ್ 1. ಈ ಪತ್ರಿಕೆ ಓದುವ ಮೇಷ್ಟರುಗಳು ನಗಬಹುದು, ನಿಮ್ಮದೂ ಜೂನ್ 1 ಇರಬಹುದು. ಅಜ್ಜಿ ಕೊಟ್ಟದ್ದು ತಪ್ಪು ಮಾಹಿತಿಯಲ್ಲ, ಆ ಪುಸ್ತಕದ ಕಾಲಮ್ಮಿಗೆ ಹೊಂದದ ಬಗೆ, ಅಷ್ಟೇ. ಕಾಲಮ್ಮು ಗೆದ್ದಿತು, ಅಮಾವಾಸ್ಯೆ ಹೋಯಿತು.

ಜಾತಿಯ ಕಾಗದವೂ ಹಾಗೇ. ಎಷ್ಟೋ ಮನೆಗಳಲ್ಲಿ ಸರ್ಟಿಫಿಕೇಟಿನ ಮೇಲೆ 'ಆದಿ ಕರ್ನಾಟಕ' ಅಂತ ಇದೆ. ಕೆಲವು ಕಡೆ ಅದು ಹೊಲೆಯರ ಹೆಸರು, ಕೆಲವು ಕಡೆ ಮಾದಿಗರ ಹೆಸರು. ಒಳಮೀಸಲಾತಿ ಕೊಡಬಹುದು ಅಂತ ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಹೇಳಿದ ಮೇಲೆ, ಈ ಹೆಸರಿನೊಳಗೆ ಯಾರು ಎಷ್ಟಿದ್ದಾರೆ ಅಂತ ಹಳೆಯ ಅಂಕಿಅಂಶದಿಂದ ತಿಳಿಯುವ ಹಾದಿ ಇರಲಿಲ್ಲ. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮನೆಮನೆಗೆ ಜನರನ್ನು ಕಳಿಸಿ ಮತ್ತೆ ಕೇಳಿಸಬೇಕಾಯಿತು. ಕಂಪ್ಯೂಟರು ಎಷ್ಟು ದೊಡ್ಡದಿದ್ದರೂ ಆಗುತ್ತಿರಲಿಲ್ಲ. ಎರಡನ್ನು ಒಂದು ಹೆಸರಿಗೆ ಸುರಿದ ಮೇಲೆ ಆ ಹೆಸರಿನಿಂದ ಎರಡನ್ನೂ ಬೇರೆ ಮಾಡಲಾಗದು. ಮನೆಯ ಬಾಗಿಲಿಗೇ ಹೋಗಿ ಬಾಯಿಬಿಟ್ಟು ಕೇಳಬೇಕು.

ಇಷ್ಟು ನೋಡಿದ ಮೇಲೆ ನಮಗೆ ಒಂದು ಮಾತು ಗಟ್ಟಿಯಾಯಿತು. ಕೂಗುವ ತಪ್ಪಿಗೆ ಹೆದರಬಾರದು. ಇಂಟ್("ಮುನ್ನೂರ ಐವತ್ತು") ಅಂದಾಗ ನಿಂತು ಕೂಗುವ ಯಂತ್ರ ನಮ್ಮ ಕಡೆಯದು, ಅದು ನನಗೆ ಗೊತ್ತಾಗಲಿಲ್ಲ, ನೀನೇ ಹೇಳು ಅನ್ನುತ್ತಿದೆ. ಹೆದರಬೇಕಾದದ್ದು ಸದ್ದಿಲ್ಲದೆ ಆಗುವ ಬದಲಾವಣೆಗೆ. ಸೊನ್ನೆ ಬೀಳುವುದು, ಗುಂಟೆ ಹೋಗುವುದು, ಹೊಲ ತಾರೀಖಾಗುವುದು, ಇಲ್ಲ ಅಂದದ್ದು ಹೌದಾಗುವುದು. ಅಲ್ಲಿ ಯಾರೂ ಕೂಗುವುದಿಲ್ಲ. ಕೂಗಬೇಕಾದವರು ನಾವೇ.

ಪ್ರೋಗ್ರಾಮು ಮತ್ತೆ ಬರೆದೆವು. ಈ ಸಲ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆವು, ಅವನ ಬೆರಳು ಹೋದ ಹಾದಿಯಲ್ಲೇ ಸಾಲುಗಳು ಹೋದವು. ಪಹಣಿಯ "2.20"ನ್ನು ಮೊದಲು ಅಕ್ಷರವಾಗಿಯೇ ಇಟ್ಟುಕೊಳ್ಳಬೇಕು. ಚುಕ್ಕಿಯಲ್ಲಿ ಎರಡು ಹೋಳು ಮಾಡಬೇಕು, ಎಡಗಡೆ ಎಕರೆ, ಬಲಗಡೆ ಗುಂಟೆ. ಎರಡನ್ನೂ ಬೇರೆ ಬೇರೆ ಇಂಟ್ ಮಾಡಬೇಕು. ಎಕರೆಯನ್ನು ನಲವತ್ತರಿಂದ ಗುಣಿಸಿ ಗುಂಟೆಗೆ ಕೂಡಿಸಬೇಕು. ಆಗ ಮೂರು ಹೊಲ 100 ಗುಂಟೆ, 70 ಗುಂಟೆ, 130 ಗುಂಟೆ. ಒಟ್ಟು 300. ನಲವತ್ತರಿಂದ ಭಾಗಿಸಿದರೆ ಏಳು, ಉಳಿದದ್ದು ಇಪ್ಪತ್ತು. ಗುಂಟೆ ನಲವತ್ತು ಅಥವಾ ಅದಕ್ಕೆ ಮೇಲೆ ಬಂದರೆ ತಾನೇ ಕೂಗಿ ನಿಲ್ಲಲಿ ಅಂತ ಒಂದು ಸಾಲು ನಾವಾಗಿಯೇ ಸೇರಿಸಿದೆವು. ಸರ್ವೆ ನಂಬರು ಅಕ್ಷರವಾಗಿಯೇ ಉಳಿಯಿತು, ಅದರ ಮೇಲೆ ಯಾವ ಲೆಕ್ಕವನ್ನೂ ಮಾಡಬಾರದು, ಅದು ಹೊಲದ ಹೆಸರು.

ಪಟ್ಟಿಯನ್ನು ಎರಡು ಪ್ರತಿ ತೆಗೆದೆವು. ಕಚೇರಿಗೆ ಒಂದು. ಇನ್ನೊಂದು ಅಪ್ಪನಿಗೆ, 3254 ಕೂಡಿಸಿ ಕನ್ನಡ ಅಂಕಿಯಲ್ಲಿ: ಒಟ್ಟು ೭ ಎಕರೆ ೨೦ ಗುಂಟೆ. ಅಪ್ಪ ಅದನ್ನು ತಾನೇ ಓದಿದ. ಇನ್ನೊಂದು ಸಲ ಓದಿದ. ಮಡಿಸಿ ಪುಟ್ಟ ಪುಸ್ತಕದೊಳಗೆ ಇಟ್ಟುಕೊಂಡ.

ಅವ್ವನ ಲೆಕ್ಕವೂ ಸರಿಯಾಯಿತು. ಎರಡು ದಿನಕ್ಕೆ 700. "ಆ ಮೂರು ಲಕ್ಷನೇ ಚೆಂದಿತ್ತು" ಅಂದಳು, ಈ ಸಲ ನಕ್ಕಳು.

ಹಳ್ಳಿ ಶಾಲೆಯ ಮೇಷ್ಟರುಗಳಿಗೆ, ಹಾಸ್ಟೆಲುಗಳಲ್ಲಿ ಕೂತು ಕಂಪ್ಯೂಟರು ಕಲಿಯುತ್ತಿರುವ ತಮ್ಮ ತಂಗಿಯರಿಗೆ ನಾವು ಹೇಳುವುದು ಇಷ್ಟೇ. ಯಾವ ಲೆಕ್ಕಕ್ಕೂ ಮುಂಚೆ ಇದು ಯಾವ ಬಗೆ ಅಂತ ಕೇಳಿ. ಯಾರು ಬದಲಾಯಿಸುತ್ತಿದ್ದಾರೆ, ಬದಲಾಯಿಸಿದಾಗ ಏನು ಬಿದ್ದುಹೋಯಿತು, ಹಿಂದಕ್ಕೆ ಬರುವ ಹಾದಿ ಇದೆಯೇ ಅಂತ ಕೇಳಿ. ಉತ್ತರ ಬಂದ ಮೇಲೆ, ಎಷ್ಟೇ ಓದಿದ್ದರೂ, ಬೆರಳು ಮಡಿಸಿ ಲೆಕ್ಕ ಹಾಕುವವರ ಮುಂದೆ ಒಂದು ಸಲ ಓದಿ ಹೇಳಿ.

ಅರ್ಜಿ ಕಚೇರಿಯಲ್ಲಿ ಇನ್ನೂ ಹಾಗೇ ಇದೆ. ಯಾವಾಗ ಕೈಗೆ ಎತ್ತಿಕೊಂಡರೂ ಅದರಲ್ಲಿ ಏಳು ಎಕರೆ ಇಪ್ಪತ್ತು ಗುಂಟೆ ಇರುತ್ತದೆ.